ಹತ್ತೊಂಬತ್ತನೆಯವನ ಪರವಾಗಿ

ಮೆಲ್ಬರ್ನಿನಲ್ಲಿ ಕುಳಿತು ದೇಶದ ಫುಟ್‌ಬಾಲ್ ಲೀಗನ್ನು ನಡೆಸುತ್ತಿರುವ ಮುಖ್ಯಾಧಿಕಾರಿಗಳಿಗೆ, ಸಮುದ್ರದ ಈಚೆ ದಡದಿಂದ.

ಮಾನ್ಯರೇ,

ನಮ್ಮ ಊರಿನ ಆಂಗಸ್ ಬ್ರಾಮಿಚ್ ಎಂಬ ಇಪ್ಪತ್ತು ವರ್ಷದ ಹುಡುಗನ ಮೇಲೆ ನಿಮ್ಮ ಹೊಸ ತಂಡದ ಕಚೇರಿ ಒಂದು ಅಪರಾಧ ಹೊರಿಸಿದೆ. ಆ ಅಪರಾಧದಲ್ಲಿ ಅರ್ಧ ನನ್ನದು. ಬರುವ ಶುಕ್ರವಾರ ನಿಮ್ಮವರ ಸಮಿತಿ ಸೇರಿ, ಟಾಸ್ಮೇನಿಯಾದ ಹುಡುಗರಲ್ಲಿ ಯಾರು ಯಾರು ಹೊಸ ತಂಡದ ಮೊದಲ ಪಟ್ಟಿಗೆ ಸೇರಬೇಕೆಂದು ತೀರ್ಮಾನ ಮಾಡುತ್ತದಂತೆ. ಆ ಪಟ್ಟಿಗೆ ಕೊನೆಯ ಮುದ್ರೆ ನಿಮ್ಮದಂತೆ. ಆಂಗಸ್‌ನ ಹೆಸರಿನ ಮೇಲೆ ಈಗಾಗಲೇ ಗೆರೆ ಎಳೆದಿದ್ದಾರೆ ಎಂದು ಕೇಳಿದೆ. ಕಚೇರಿಗೆ ಎರಡು ಕಾಗದ ಬರೆದೆ. ಎರಡಕ್ಕೂ ಯಂತ್ರವೇ ಉತ್ತರ ಕೊಟ್ಟು, ನನ್ನ ಆಸಕ್ತಿಗೆ ಧನ್ಯವಾದ ಹೇಳಿ, ಸದಸ್ಯತ್ವದ ಅರ್ಜಿ ಕಳುಹಿಸಿತು. ಆದ್ದರಿಂದ ಈ ಮೂರನೆಯದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಪಕ್ಕದ ಮನೆಯವರು ಓದಿ ಹೇಳುತ್ತಾರೆ ಎಂಬ ನಂಬಿಕೆ ನನಗಿದೆ.

ನಾನು ಯಾರು ಎಂದು ಕೇಳಬೇಕಾದ್ದು ನ್ಯಾಯ. ಟಾಸ್ಮೇನಿಯಾ ದ್ವೀಪದ ವಾಯವ್ಯ ಮೂಲೆಯಲ್ಲಿ, ಆಲೂಗಡ್ಡೆ ಹೊಲಗಳ ನಡುವೆ ಮುಲಿಗನ್ ಕ್ರೀಕ್ ಎಂಬ ಊರಿದೆ. ಅಲ್ಲಿಯ ಫುಟ್‌ಬಾಲ್ ಸಂಘದ ಅಂಗಿಗಳನ್ನು ಇಪ್ಪತ್ತಾರು ವರ್ಷಗಳಿಂದ ಒಗೆಯುತ್ತಿರುವವಳು ನಾನು. ಪಂದ್ಯದ ದಿನ ಕ್ಯಾಂಟೀನಿನಲ್ಲಿ ಮಾಂಸ ತುಂಬಿದ ಪೈ ಬಿಸಿ ಮಾಡುವುದೂ, ವಿರಾಮಕ್ಕೆ ಕಿತ್ತಳೆ ಹೆಚ್ಚುವುದೂ ನನ್ನದೇ. ಭಾನುವಾರ ಚರ್ಚಿನಲ್ಲಿ ವಿಶ್ವಾಸಿಗಳ ಕೋರಿಕೆಗಳನ್ನು ಓದುತ್ತೇನೆ. ಓದಿದ್ದು ಊರಿನ ಶಾಲೆಯಲ್ಲಿ ಇದ್ದಷ್ಟು. ಆದರೆ ಎಣಿಸಲು ಚೆನ್ನಾಗಿ ಬರುತ್ತದೆ, ಮತ್ತು ಈ ಪತ್ರಕ್ಕೆ ಬೇಕಾದ ವಿದ್ಯೆ ಅದೊಂದೇ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಈ ಹೊಸ ತಂಡ ಬೇಕೆಂದು ಬೇಡಿದವರಲ್ಲಿ ನಾನೂ ಒಬ್ಬಳು. ಬರೀ ಬೇಡಿದ್ದಲ್ಲ, ಹನ್ನೊಂದು ವರ್ಷ ದೇವರ ತಲೆ ತಿಂದೆ. ನಮ್ಮ ದ್ವೀಪ ನೂರು ವರ್ಷದಿಂದ ನಿಮಗೆ ಆಟಗಾರರನ್ನು ಕೊಟ್ಟಿದೆ. ಪಾರ್ಸೆಲ್ ಕಳುಹಿಸುವ ಹಾಗೆ ಒಳ್ಳೊಳ್ಳೆಯ ಕಾಲುಗಳನ್ನು ಹಡಗು ಹತ್ತಿಸಿ ಕಳುಹಿಸಿದ್ದೇವೆ. ನಮಗೆಂದು ಒಂದು ತಂಡ ಮಾತ್ರ ಇರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಕೋರಿಕೆಗಳಲ್ಲಿ, ಪೋಪರ ನಂತರ, ರೋಗಿಗಳಿಗಿಂತ ಮೊದಲು, "ನಮ್ಮ ದ್ವೀಪಕ್ಕೊಂದು ತಂಡ ದೊರೆಯಲೆಂದು ಪ್ರಾರ್ಥಿಸೋಣ" ಎಂದು ಸೇರಿಸುತ್ತಿದ್ದೆ. ಹಿಂದೆ ಇದ್ದ ಪಾದ್ರಿಗಳು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದರು.

"ಅಲ್ಲ ಬರ್ನಡೆಟ್, ಕಾಯಿಲೆಯವರಿಗಿಂತ ಮುಂಚೆ ಫುಟ್‌ಬಾಲಾ?"

"ಕಾಯಿಲೆಯವರೇ ಹಾಗೆ ಹೇಳಿದ್ದು ಫಾದರ್. ಬೇಕಾದ್ರೆ ಅವ್ರನ್ನೇ ಕೇಳಿ."

ಅವರು ಆಸ್ಪತ್ರೆಗೆ ಹೋಗಿ ನಿಜವಾಗಿಯೂ ಕೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಕೊನೆಗೆ ನೀವು ಒಪ್ಪಿದಿರಿ. ಹದಿನೆಂಟು ತಂಡಗಳ ಲೀಗಿಗೆ ಹತ್ತೊಂಬತ್ತನೆಯದಾಗಿ ನಮ್ಮದನ್ನು ಸೇರಿಸುತ್ತೇವೆ, ಆದರೆ ಚಾವಣಿ ಇರುವ ಮೈದಾನ ಕಟ್ಟಿಸಬೇಕು ಎಂದಿರಿ. ನಮ್ಮೂರಿನ ಮೈದಾನಕ್ಕೂ ಚಾವಣಿ ಇದೆ ಸ್ವಾಮಿ, ದೇವರು ಹಾಕಿದ್ದು, ಸ್ವಲ್ಪ ಸೋರುತ್ತದೆ ಅಷ್ಟೆ. ಅದರ ಕೆಳಗೇ ನೂರಾ ಹನ್ನೆರಡು ವರ್ಷ ಆಡಿದ್ದೇವೆ. ಆದರೂ ಚಾವಣಿಯ ವಿಷಯದಲ್ಲಿ ನಾನು ಜಗಳಕ್ಕೆ ಬಂದಿಲ್ಲ. ನನ್ನ ಜಗಳ ಚಾವಣಿಯ ಕೆಳಗಿನ ಬೆಂಚಿನ ಜೊತೆ.

ಹೊಸ ತಂಡ ದೊಡ್ಡ ಲೀಗಿಗೆ ಕಾಲಿಡುವ ಮುಂಚೆ ಪಳಗಲೆಂದು ಒಂದು ಕಿರಿಯ ಪಡೆ ಕಟ್ಟಿದಿರಿ. ಒಳ್ಳೆಯದು. ದ್ವೀಪದ ಮೂಲೆ ಮೂಲೆಯಿಂದ ಹುಡುಗರನ್ನು ಆರಿಸಿದಿರಿ. ಇನ್ನೂ ಒಳ್ಳೆಯದು. ನಮ್ಮ ಊರೊಂದರಿಂದಲೇ ಮೂವರನ್ನು ತೆಗೆದುಕೊಂಡಿರಿ, ಅವತ್ತು ಚರ್ಚಿನ ಗಂಟೆ ಹೊಡೆಸಿದೆವು. ಆದರೆ ಪಂದ್ಯಕ್ಕೆ ಇಪ್ಪತ್ತಮೂರು ಜನರ ಹೆಸರು ಬರೆದ ಮೇಲೂ, ಯಾರಿಗಾದರೂ ಜ್ವರ ಬಂದರೆ ಇರಲಿ ಎಂದು ಇನ್ನೂ ಐವರು ಹುಡುಗರನ್ನು ದ್ವೀಪದ ರಾಜಧಾನಿ ಹೋಬರ್ಟಿಗೆ ಕರೆಸಿ, ಹೊಸ ಟ್ರ್ಯಾಕ್‌ಸೂಟ್ ತೊಡಿಸಿ ಬೆಂಚಿನ ಮೇಲೆ ಕೂರಿಸುತ್ತೀರಿ. ನಮ್ಮ ಆಂಗಸ್ ಹೀಗೆ ಎಂಟು ಶನಿವಾರ ಕುಳಿತ. ಎಂಟರಲ್ಲಿ ಒಂದು ದಿನವೂ ಯಾರಿಗೂ ಜ್ವರ ಬರಲಿಲ್ಲ. ನಿಮ್ಮ ಹುಡುಗರ ಆರೋಗ್ಯ ಬಹಳ ಚೆನ್ನಾಗಿದೆ, ಅದಕ್ಕೂ ನಾವೇ ಪ್ರಾರ್ಥಿಸಿದ್ದೆವು.

ಅವನ ತಾಯಿ ಟೆಸ್ ನನ್ನ ಜೊತೆ ಕ್ಯಾಂಟೀನಿನಲ್ಲಿ ಕೆಲಸ ಮಾಡುವವಳು. ಒಂದು ದಿನ ಸಾಸ್ ಬಾಟಲಿ ಒರೆಸುತ್ತಾ ಹೇಳಿದಳು: "ಮನೇಲಿ ಸೋಫಾ ಮೇಲೆ ಬಿದ್ಕೊಂಡ್ರೆ ಸೋಮಾರಿ ಅಂತ ಬೈತೀನಿ. ನಾಲ್ಕು ಗಂಟೆ ಕಾರ್ ಓಡಿಸ್ಕೊಂಡ್ ಹೋಗಿ ಅಲ್ಲಿ ಕೂತ್ರೆ ಊರೆಲ್ಲ ಶಭಾಷ್ ಅಂತಾರೆ. ನಂಗಂತೂ ಅರ್ಥ ಆಗಲ್ಲ ಬರ್ನ್."

ಅತ್ತ ಅವನು ಕುಳಿತಿದ್ದಾಗ ಇತ್ತ ಏನಾಗುತ್ತಿತ್ತು ಎಂದು ಹೇಳುತ್ತೇನೆ. ಆಟಕ್ಕೆ ಹದಿನೆಂಟು ಜನ ಬೇಕು. ಹದಿನಾಲ್ಕಕ್ಕಿಂತ ಕಡಿಮೆಯಾದರೆ ನಮ್ಮ ಜಿಲ್ಲಾ ಒಕ್ಕೂಟದ ನಿಯಮದ ಪ್ರಕಾರ ಪಂದ್ಯ ಬಿಟ್ಟುಕೊಟ್ಟಂತೆ. ಒಂದೇ ವರ್ಷದಲ್ಲಿ ಮೂರು ಸಲ ಬಿಟ್ಟುಕೊಟ್ಟರೆ ಸಂಘದ ಹೆಸರನ್ನೇ ಕಿತ್ತು ಹಾಕುತ್ತಾರೆ. ಈ ಚಳಿಗಾಲದಲ್ಲಿ ನಾವು ಎರಡು ಸಲ ಬಿಟ್ಟುಕೊಟ್ಟಿದ್ದೆವು. ನಿಮ್ಮ ಬೆಂಚಿನ ಮೇಲೆ ನಮ್ಮವರು ಮೂವರು, ಹಾಲು ಕರೆಯುವ ಕೆಲಸಕ್ಕೆ ಬೇರೆ ಜಿಲ್ಲೆಗೆ ಹೋದವರು ನಾಲ್ವರು, ಮುರಿದ ಕೈ ಎರಡು. ಶನಿವಾರ ಬೆಳಿಗ್ಗೆ ಇಪ್ಪತ್ತೆರಡು ಅಂಗಿಗಳನ್ನು ಸಂಘದ ಹಾಲ್‌ನ ಗೋಡೆಯ ಮೊಳೆಗಳಿಗೆ ನೇತುಹಾಕುತ್ತೇನೆ. ಬಂದವರು ತಮ್ಮ ತಮ್ಮ ಸಂಖ್ಯೆಯದನ್ನು ತೆಗೆದುಕೊಂಡು ಹೋಗುತ್ತಾರೆ. ಗೋಡೆಯ ಮೇಲೆ ಉಳಿದ ಅಂಗಿ ನೋಡಿಯೇ ಊರಿನವರಿಗೆ ಲೆಕ್ಕ ಸಿಗುತ್ತದೆ. ನಮ್ಮೂರಿನಲ್ಲಿ ಈಗ ಎಲ್ಲರಿಗೂ ತಲೆ ಎಣಿಸುವ ಚಾಳಿ ಅಂಟಿದೆ. ಮೊನ್ನೆ ಒಂದು ಶವಸಂಸ್ಕಾರದಲ್ಲಿ ನನ್ನ ಗಂಡ ಡೆಸ್ ಪಿಸುಗುಟ್ಟಿದ: "ಪೆಟ್ಟಿಗೆ ಹೊತ್ತಿರೋರು ಆರು ಜನ, ಮೂವರು ನಲವತ್ತರ ಒಳಗಿನೋರು ಕಣೇ."

ಮೂರನೆಯ ಕಂಟಕದ ಶನಿವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೆ, ಎಂದಿನಂತೆ, ಆಂಗಸ್ ಹೋಬರ್ಟಿನಿಂದ ಫೋನ್ ಮಾಡಿದ.

"ಎಷ್ಟ್ ಜನ ಇದೀರ ಆಂಟಿ?"

"ಹದಿಮೂರು," ಎಂದೆ.

ಅಷ್ಟೇ ನಾನು ಆಡಿದ್ದು. "ಬಾ" ಎನ್ನಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದೆ. ನಿಜ ಹೇಳುವುದು ನಿಮ್ಮ ನಿಯಮಾವಳಿಯ ಯಾವ ಕಲಮಿನ ಉಲ್ಲಂಘನೆಯೋ ನನಗೆ ತಿಳಿಯದು.

ಅವನು ಬರುತ್ತಾನೆಂದು ಕಾದು ಕೂರುವ ಹೆಂಗಸು ನಾನಲ್ಲ. ಫೋನ್ ಇಟ್ಟು, ಡೆಸ್‌ನ ಪಿಕಪ್ ಗಾಡಿ ಹತ್ತಿ, ಜನ ಕೂಡಿಸಲು ಹೊರಟೆ. ಮೊದಲಿಗೆ ಡೆಸ್‌ನನ್ನೇ ಸೇರಿಸಿದೆ, ವಯಸ್ಸು ಐವತ್ತೇಳು, ಕೆಲಸ ಮಾಡುವ ಮಂಡಿ ಒಂದು. ಹಾಲಿನ ಟ್ಯಾಂಕರ್ ಓಡಿಸುವ ಕೆವ್ ಸಿಕ್ಕಿದ, "ಓಡೋದಾದ್ರೆ ಬರಲ್ಲ, ನಿಲ್ಲೋದಾದ್ರೆ ಬರ್ತೀನಿ" ಎಂದ. ನಿಲ್ಲು ಎಂದೆ. ಈರುಳ್ಳಿ ಶೆಡ್ಡಿಗೆ ವನುವಾಟು ಎಂಬ ದ್ವೀಪದೇಶದಿಂದ ಕೆಲಸಕ್ಕೆ ಬಂದಿರುವ ಇಬ್ಬರು ಅಣ್ಣತಮ್ಮಂದಿರು ಒಂದೇ ಮಾತಿಗೆ ಒಪ್ಪಿದರು. ಅವರ ನೋಂದಣಿ ಕಾಗದವನ್ನು ಗಾಡಿಯ ಮೂತಿಯ ಮೇಲೆ ಇಟ್ಟುಕೊಂಡು ತುಂಬಿದೆ. ಒಟ್ಟು ಹದಿನೇಳು. ಇನ್ನೊಬ್ಬರಿಗಾಗಿ ಪಾದ್ರಿ ಮನೆಯ ಬಾಗಿಲು ತಟ್ಟಿದೆ.

ಈಗಿರುವ ಫಾದರ್ ಇಮ್ಯಾನುಯೆಲ್ ನೈಜೀರಿಯಾದವರು, ನಲವತ್ತೊಂದು ವರ್ಷ, ಗಟ್ಟಿಮುಟ್ಟಾಗಿದ್ದಾರೆ. ಆದರೆ ಅವರಿಗೆ ಗೊತ್ತಿರುವುದು ಕಾಲಿನಲ್ಲಷ್ಟೇ ಆಡುವ ದುಂಡನೆಯ ಚೆಂಡಿನ ಆಟ, ನಮ್ಮ ಮೊಟ್ಟೆಯಾಕಾರದ ಚೆಂಡಿನದಲ್ಲ.

"ಬರ್ನಡೆಟ್, ನನಗೆ ನಿಮ್ಮ ಆಟದ ನಿಯಮ ಒಂದೂ ತಿಳಿಯದಲ್ಲ."

"ನಿಯಮ ಬೇಡ ಫಾದರ್. ಗೋಲಿನ ಮುಂದೆ ನಿಂತ್ಕೊಳಿ. ಚೆಂಡು ಬಂದ್ರೆ ಹಿಡೀರಿ. ಸಂಜೆ ಪೂಜೆಗೆ ಮುಂಚೆ ಬಿಟ್ಬಿಡ್ತೀವಿ."

"ಕೈಯಲ್ಲಿ ಹಿಡಿಯಬಹುದೇ?"

"ಕೈಯಲ್ಲೇ ಹಿಡೀಬೇಕು."

"ಅದು ಪಾಪದಂತೆ ಅನಿಸುತ್ತದೆ," ಎನ್ನುತ್ತಾ ಬೂಟು ಹುಡುಕಲು ಒಳಗೆ ಹೋದರು.

ಒಂದು ಗಂಟೆಗೆ ಸರಿಯಾಗಿ ಹದಿನೆಂಟು ಜನ ಮೈದಾನಕ್ಕಿಳಿದರು. ಬದಲಿಗೆ ಕೂರಲು ಒಬ್ಬನೂ ಇಲ್ಲ, ನಮ್ಮ ಬೆಂಚಿನ ಮೇಲೆ ನೀರಿನ ಬಾಟಲಿ ಮಾತ್ರ. ಮೈದಾನದ ಸುತ್ತ ನೋಡಲು ಬಂದವರ ಕಾರುಗಳು ಮೂತಿ ಒಳಗೆ ಮಾಡಿ ನಿಂತಿದ್ದವು. ಎದುರಾಳಿಯ ಮುಂಚೂಣಿಯ ಹುಡುಗನಿಗೆ ಜ್ಞಾನಸ್ನಾನ ಮಾಡಿಸದಿದ್ದರೂ ಕಳೆದ ವರ್ಷ ಮದುವೆ ಮಾಡಿಸಿದ್ದವರು ಫಾದರ್ ಇಮ್ಯಾನುಯೆಲರೇ. ಅವನು ಪ್ರತಿ ಸಲ ಭುಜದಿಂದ ತಳ್ಳುವ ಮುಂಚೆ "ಕ್ಷಮಿಸಿ ಫಾದರ್" ಎನ್ನುತ್ತಿದ್ದ. ಆ ಒಂದು ಮಾತು ಆಡುವಷ್ಟರಲ್ಲಿ ಚೆಂಡು ಫಾದರ್ ಕೈಯಲ್ಲಿರುತ್ತಿತ್ತು. ವನುವಾಟುವಿನ ಅಣ್ಣ ಎರಡು ಗೋಲು ಹೊಡೆದ, ನಮ್ಮ ಆಟದಲ್ಲಿ ಗೋಲಿಗೆ ಆರು ಅಂಕ. ಕೆವ್ ಹೇಳಿದ ಹಾಗೆ ನಿಂತಿದ್ದ, ಆದರೆ ಸರಿಯಾದ ಜಾಗದಲ್ಲಿ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುತ್ತಾ ಬಂದಾಗ ನಾವು ಹನ್ನೊಂದು ಅಂಕ ಮುಂದಿದ್ದೆವು. ಆ ಋತುವಿನಲ್ಲಿ ನಾವು ಯಾರಿಗಿಂತಲಾದರೂ ಮುಂದಿದ್ದದ್ದು ಅದೇ ಮೊದಲು. ಟೆಸ್ ಕಿತ್ತಳೆ ಹೆಚ್ಚುವುದನ್ನು ಬಿಟ್ಟು ಜಪಸರ ತೆಗೆದಳು.

ಆಗ ಆಂಗಸ್ ಬಂದ. ಬೆಂಚಿನ ಮೇಲೆ ಒಂದು ಚೀಟಿ ಇಟ್ಟು ಹತ್ತೂವರೆಗೇ ಹೊರಟಿದ್ದನಂತೆ: "ಊರಲ್ಲಿ ಹದಿಮೂರು ಜನ. ಆಟ ಮುಗಿಸಿ ಬರ್ತೀನಿ. ಕ್ಷಮಿಸಿ." ಸಂಘದ ಹಾಲ್‌ಗೆ ಓಡಿ, ಮೊಳೆಯ ಮೇಲಿದ್ದ ತನ್ನ ಹನ್ನೊಂದನೆಯ ಅಂಗಿ ತೊಟ್ಟು, ಬೇಲಿಯ ಹತ್ತಿರ ಬಂದು, ನಮ್ಮೂರಿನವರು ಈಗ ಮೊದಲು ಮಾಡುವ ಕೆಲಸವನ್ನೇ ಮಾಡಿದ. ಎಣಿಸಿದ. ಹದಿನೇಳು.

ಹದಿನೇಳೇ ಇದ್ದದ್ದು ನಿಜ, ಆ ಗಳಿಗೆಗೆ. ಎದುರಾಳಿ ಹೊಡೆದ ಚೆಂಡು ಗೋಲು ತಪ್ಪಿ, ಅದರ ಪಕ್ಕದ ಕಂಬಗಳ ನಡುವೆ ಹೋಗಿ, ಹಿಂದಿನ ಆಲೂಗಡ್ಡೆ ಹೊಲದ ಕೆಸರಿಗೆ ಬಿದ್ದಿತ್ತು. ಅಂಪೈರ್ ಇನ್ನೊಂದು ಚೆಂಡು ಕೊಟ್ಟು ಆಟ ಮುಂದುವರಿಸಿದ್ದರು. ಆದರೆ ಫಾದರ್ ಇಮ್ಯಾನುಯೆಲರಿಗೆ ಆ ನಿಯಮ ಯಾರೂ ಹೇಳಿರಲಿಲ್ಲ. ಕಳೆದುಹೋದದ್ದನ್ನು ಹುಡುಕಿಕೊಂಡು ಹೋಗುವುದು ಅವರ ವೃತ್ತಿ. ಪಾಪ, ಬೇಲಿ ದಾಟಿ ಮೊಣಕಾಲು ಮಟ್ಟದ ಕೆಸರಿನಲ್ಲಿ ಚೆಂಡು ಹುಡುಕುತ್ತಿದ್ದರು. ಇತ್ತ ಆಂಗಸ್, ಒಬ್ಬ ಕಡಿಮೆ ಇದ್ದಾರೆಂದು ಬೇಲಿ ಹಾರಿ ಒಳಗೆ ಓಡಿದ. ಅತ್ತ ಫಾದರ್, ಸಿಕ್ಕ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಸಂತೋಷದಿಂದ ಒಳಗೆ ಬಂದರು.

ಎದುರಾಳಿಯ ನಾಯಕ ಶಾಲಾ ಮೇಷ್ಟ್ರು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ಬಂದು ತಲೆ ಎಣಿಸುವುದರಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಕೈ ಎತ್ತಿದ. "ಅಂಪೈರ್, ಎಣಿಕೆ."

ಈ ಎಣಿಕೆಯ ನಿಯಮ ನಿಮಗೆ ಗೊತ್ತಿರುತ್ತದೆ. ಓದುಗರಿಗಾಗಿ ಹೇಳುತ್ತೇನೆ. ನಾಯಕ ಕೇಳಿದರೆ ಅಂಪೈರ್ ಆಟ ನಿಲ್ಲಿಸಿ, ಎದುರಿನ ತಂಡವನ್ನು ಸಾಲಾಗಿ ನಿಲ್ಲಿಸಿ ಎಣಿಸಬೇಕು. ಹದಿನೆಂಟಕ್ಕಿಂತ ಒಬ್ಬ ಹೆಚ್ಚಿದ್ದರೂ ಆ ತನಕ ಗಳಿಸಿದ್ದೆಲ್ಲ ಸೊನ್ನೆ. ನನ್ನ ಐವತ್ತು ವರ್ಷದಲ್ಲಿ ಒಮ್ಮೆಯೂ ಇದನ್ನು ಕಣ್ಣಾರೆ ಕಂಡಿರಲಿಲ್ಲ. ಸಾಲು ನಿಂತಿತು. ಅಂಪೈರ್ ಒಬ್ಬೊಬ್ಬರ ಎದೆಗೆ ಬೆರಳು ತೋರಿಸುತ್ತಾ ನಡೆದರು. ಹದಿನಾಲ್ಕು ದಾಟಿದಾಗ ಕಾರುಗಳ ಒಳಗಿನಿಂದ ಅಭ್ಯಾಸಬಲದಿಂದ ಯಾರೋ ಹಾರ್ನ್ ಹೊಡೆದರು, ಪಂದ್ಯ ಉಳಿಯಿತೆಂಬ ಖುಷಿಗೆ. ಹತ್ತೊಂಬತ್ತಕ್ಕೆ ಬೆರಳು ನಿಂತಿತು.

"ಹೆಚ್ಚಿನೋರು ಯಾರು?" ಅಂಪೈರ್ ಕೇಳಿದರು.

ಫಾದರ್ ಕೈ ಎತ್ತಿದರು. "ನಾನು."

"ಇಲ್ಲ, ನಾನು," ಎಂದ ಆಂಗಸ್.

"ನನ್ನೇ ತೆಗೆದ್ಬಿಡಿ, ಮಂಡಿ ಹೋಗಿ ಒಂದ್ ಗಂಟೆ ಆಯ್ತು," ಎಂದ ನನ್ನ ಡೆಸ್.

ಜನ ಇಲ್ಲದೆ ಸಾಯುತ್ತಿದ್ದ ಊರು, ಜನ ಹೆಚ್ಚಾಗಿ ಸೋತಿತು. ಇಂಥ ತಪ್ಪು ಮಾಡಲು ಮುಲಿಗನ್ ಕ್ರೀಕಿನವರಿಗೇ ಸಾಧ್ಯ. ಅಂಕವೆಲ್ಲ ಅಳಿಸಿತು. ಉಳಿದ ಹೊತ್ತಿನಲ್ಲಿ ಆಂಗಸ್ ಮೂರು ಗೋಲು ಹೊಡೆದರೂ ಸಾಲಲಿಲ್ಲ. ಆದರೆ ಸೋತ ಪಂದ್ಯವೂ ಆಡಿದ ಪಂದ್ಯವೇ. ಒಕ್ಕೂಟದ ಪುಸ್ತಕದಲ್ಲಿ ನಮ್ಮ ಹೆಸರು ಉಳಿಯಿತು.

ಈಗ ಯೋಚಿಸಿ ಹೇಳಿ. ನಿಮ್ಮಲ್ಲಿ ಹದಿನೆಂಟಿತ್ತು, ಹತ್ತೊಂಬತ್ತನೆಯದನ್ನು ಸೇರಿಸಿದಿರಿ. ನಮ್ಮಲ್ಲಿ ಹದಿನೆಂಟಿತ್ತು, ನಾವೂ ಹತ್ತೊಂಬತ್ತನೆಯದನ್ನು ಸೇರಿಸಿದೆವು. ನೀವು ಮಾಡಿದ್ದಕ್ಕೆ ವಿಸ್ತರಣೆ ಎಂದು ಹೆಸರಿಟ್ಟು ಬಾಣಬಿರುಸು ಬಿಟ್ಟರು. ನಾವು ಮಾಡಿದ್ದಕ್ಕೆ ಸೊನ್ನೆ ಬಂತು. ಎಣಿಸಿ ನೋಡುವ ನಾಯಕ ನಿಮ್ಮ ಎದುರಿಗೆ ಯಾರೂ ಇಲ್ಲವಾದ್ದರಿಂದ ತಾನೇ ಈ ಪತ್ರ ಬರೆಯಬೇಕಾಗಿ ಬಂದಿರುವುದು?

ಸೋಮವಾರ ಹುಡುಗನಿಗೆ ನಿಮ್ಮ ಕಚೇರಿಯ ಕಾಗದ ಬಂತು. "ಪೂರ್ವಾನುಮತಿಯಿಲ್ಲದೆ ನಿಗದಿತ ಆಸನವನ್ನು ತೊರೆದು, ಸಂಸ್ಥೆಯ ಮೇಲಿನ ನಿಷ್ಠೆಗೆ ಭಂಗ ತಂದ ಕಾರಣ" ಅನಿರ್ದಿಷ್ಟ ಅವಧಿಗೆ ಅಮಾನತು. ಟೆಸ್ ಅದನ್ನು ಕ್ಯಾಂಟೀನಿಗೆ ತಂದು ನನ್ನಿಂದ ಎರಡು ಸಲ ಓದಿಸಿದಳು. ಮೈದಾನ ಬಿಟ್ಟು ಓಡಿಹೋದ ಆಟಗಾರನಿಗೆ ಶಿಕ್ಷೆಯಾದದ್ದು ಕೇಳಿದ್ದೇನೆ. ಕುರ್ಚಿ ಬಿಟ್ಟು ಮೈದಾನಕ್ಕೆ ಓಡಿದವನಿಗೆ ಆದದ್ದು ಇದೇ ಮೊದಲು ಕೇಳಿದ್ದು. ನಿಷ್ಠೆಯ ಮಾತು ಎತ್ತಿದ್ದೀರಿ. ಊರಿಗಾಗಿ ನಾಲ್ಕು ಗಂಟೆ ಕಾರು ಓಡಿಸಿ ಬಂದವನಲ್ಲಿ ನಿಷ್ಠೆ ಇಲ್ಲವೆಂದರೆ, ನಿಮ್ಮ ಪಟ್ಟಿಗೆ ಬೇಕಾದವರು ಎಂಥವರು? ಊರಿಗೆ ಬೆಂಕಿ ಬಿದ್ದರೂ ಬೆಂಚು ಬಿಡದವರೇ? ಅಂಥವರನ್ನು ಕಟ್ಟಿಕೊಂಡು ನೀವು ಯಾವ ದ್ವೀಪದ ತಂಡ ಕಟ್ಟುತ್ತೀರಿ?

ಇಷ್ಟು ಬರೆದು, ಗೆದ್ದೆ ಎಂದುಕೊಂಡು, ಶನಿವಾರ ಪಾಪನಿವೇದನೆಗೆ ಹೋದೆ. ಫಾದರ್‌ಗೆ ಎಲ್ಲ ಹೇಳಿದೆ.

"ಒಂದು ಸಂಖ್ಯೆ ಹೇಳುವುದು ಪಾಪವಲ್ಲ ಬರ್ನಡೆಟ್," ಎಂದರು. ಮತ್ತೆ, "ಹದಿಮೂರು ಎಂದ ಮೇಲೆ ಏನು ಹೇಳಿದಿರಿ?" ಎಂದು ಕೇಳಿದರು.

"ಏನೂ ಇಲ್ಲ ಫಾದರ್."

"ಎಷ್ಟು ಹೊತ್ತು ಏನೂ ಹೇಳಲಿಲ್ಲ?"

ಆದ್ದರಿಂದ, ಮಾನ್ಯರೇ, ಮೇಲೆ ಬರೆದದ್ದನ್ನು ತಿದ್ದುತ್ತೇನೆ. "ಹದಿಮೂರು" ಎಂದೆ, ನಿಜ. ಆಮೇಲೆ ಫೋನ್ ಇಡಲಿಲ್ಲ. "ನೀನೇನೂ ತಲೆ ಕೆಡಿಸ್ಕೋಬೇಡ, ಅಲ್ಲೇ ಇರು" ಎನ್ನಬಹುದಿತ್ತು. ಪ್ರತಿ ಶನಿವಾರ ಹಾಗೆಯೇ ಎನ್ನುತ್ತಿದ್ದೆ. ಆ ದಿನ ಎನ್ನಲಿಲ್ಲ. ಅವನ ಉಸಿರು ಕೇಳಿಸುತ್ತಿತ್ತು, ನನ್ನದು ಅವನಿಗೆ ಕೇಳಿಸುತ್ತಿತ್ತು. ಅವನನ್ನು ಮೂರು ವರ್ಷದವನಿದ್ದಾಗಿನಿಂದ ಬಲ್ಲೆ, ಆ ಮೌನಕ್ಕೆ ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು. ಅವನ ಭವಿಷ್ಯ ತಕ್ಕಡಿಯ ಒಂದು ತಟ್ಟೆಯಲ್ಲಿ, ನನ್ನ ಗೋಡೆಯ ಅಂಗಿಗಳು ಇನ್ನೊಂದರಲ್ಲಿ. ತೂಗಿದವಳು ನಾನು, ಕಾರು ಓಡಿಸಿದವನು ಅವನು. ಆಸನ ತೊರೆದದ್ದು ಅಪರಾಧವಾದರೆ, ತೊರೆಸಿದ್ದು ಯಾರದೆಂದು ಈಗ ನಿಮಗೆ ಗೊತ್ತಾಯಿತು. ಅಮಾನತು ಮಾಡಲೇಬೇಕಿದ್ದರೆ ನನ್ನನ್ನು ಮಾಡಿ. ಕ್ಯಾಂಟೀನಿನಿಂದ ಒಂದು ಋತು ದೂರ ಇರುತ್ತೇನೆ. ಪೈ ತಣ್ಣಗಾದರೆ ಊರಿನವರು ನಿಮಗೆ ಬರೆಯುತ್ತಾರೆ.

ಕಳೆದ ಶನಿವಾರದ ಮಾತು ಒಂದನ್ನು ಹೇಳಿ ಮುಗಿಸುತ್ತೇನೆ. ನಿಮ್ಮ ಅಮಾನತು ಎಂದರೆ ಅವನು ಅಲ್ಲೂ ಆಡುವಂತಿಲ್ಲ, ಇಲ್ಲೂ ಆಡುವಂತಿಲ್ಲ. ಮಧ್ಯಾಹ್ನ ಬೇಲಿಯ ಪಕ್ಕ ನನ್ನ ಜೊತೆ ನಿಂತಿದ್ದ, ಕೈ ಎರಡೂ ಜೇಬಿನಲ್ಲಿ. ಮೈದಾನದಲ್ಲಿ ನಮ್ಮವರು ಹದಿನೈದು ಜನ, ಅದರಲ್ಲಿ ಒಬ್ಬರು ಫಾದರ್. ಅವರು ಈಗ ನಿಯಮ ಕಲಿತಿದ್ದಾರೆ, ಚೆಂಡು ಹೊರಗೆ ಹೋದರೆ ಹುಡುಕಲು ಹೋಗುವುದಿಲ್ಲ. ಆಂಗಸ್ ಬಾಯಲ್ಲೇ ಎಣಿಸುತ್ತಿದ್ದ. ನಾನು ಕೇಳಿದೆ, "ಸಿಟ್ಟಾ ನನ್ಮೇಲೆ?"

"ಇಲ್ಲ ಆಂಟಿ. ನೀವು ಹದಿನೆಂಟು ಅಂತ ಸುಳ್ಳು ಹೇಳಿದ್ರೂ ಬರ್ತಿದ್ದೆ. ಬೆಂಚಿನ ಮೇಲೆ ಕೂತು ಸಾಕಾಗಿತ್ತು."

ಅವನು ನನ್ನ ಹೊರೆ ಇಳಿಸಲು ಹೀಗೆ ಹೇಳಿದ. ನಂಬಲಿಲ್ಲ, ಆದರೆ ಅವನಿಗೊಂದು ಪೈ ಹೆಚ್ಚಿಗೆ ಕೊಟ್ಟೆ.

ನಾವು ಕೇಳುವುದು ಎರಡು. ಶುಕ್ರವಾರದ ಸಮಿತಿ ಆಂಗಸ್ ಬ್ರಾಮಿಚ್‌ನನ್ನು ಅವನ ಕಾಲಿನ ಮೇಲೆ ಅಳೆಯಲಿ, ಅವನು ಬಿಟ್ಟ ಕುರ್ಚಿಯ ಮೇಲೆ ಬೇಡ. ಆಟ ಸಾಲದು ಎಂದರೆ ಗೆರೆ ಎಳೆಯಿರಿ, ಟೆಸ್ ಅಳುತ್ತಾಳೆ, ನಾನು ಒರೆಸುತ್ತೇನೆ, ಪತ್ರ ಬರೆಯುವುದಿಲ್ಲ. ಎರಡನೆಯದು, ಆಡಿಸದ ಹುಡುಗರನ್ನು ಶುಕ್ರವಾರ ಸಂಜೆಯೇ ಅವರವರ ಊರಿಗೆ ಕಳುಹಿಸಿ. ಜ್ವರ ಬಂದರೆ ಫೋನ್ ಮಾಡಿ, ನಮ್ಮವರು ಎಷ್ಟು ಬೇಗ ಕಾರು ಓಡಿಸುತ್ತಾರೆಂದು ನಿಮಗೆ ಈಗ ಗೊತ್ತಿದೆ. ನಿಮ್ಮ ಹತ್ತೊಂಬತ್ತನೆಯ ತಂಡಕ್ಕೆ ಆಟಗಾರರು ಹುಟ್ಟುವುದು ಸೋರುವ ಚಾವಣಿಯ ಕೆಳಗೇ.

ತಂಡ ಸಿಕ್ಕಿದ ಮೇಲೆ ನಮ್ಮ ಚರ್ಚಿನ ಕೋರಿಕೆಗಳಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಕಳೆದ ಭಾನುವಾರದಿಂದ ಅಲ್ಲಿ ನಿಮ್ಮ ಹುದ್ದೆಯನ್ನು ಹಾಕಿದ್ದೇನೆ. ಸದ್ಯಕ್ಕೆ ರೋಗಿಗಳ ಜೊತೆಯಲ್ಲಿದ್ದೀರಿ. ಶುಕ್ರವಾರದ ನಂತರ ಕೃತಜ್ಞತೆಯ ಸಾಲಿಗೆ ಬದಲಾಯಿಸಬೇಕೋ ಬೇಡವೋ ಎಂಬುದು ನಿಮ್ಮ ಕೈಯಲ್ಲಿದೆ. ಹನ್ನೊಂದನೆಯ ಅಂಗಿ ಒಗೆದು, ಇಸ್ತ್ರಿ ಹಾಕಿ, ಮೊಳೆಗೆ ಹಾಕಿದ್ದೇನೆ. ಅದನ್ನು ಅವನು ತೊಟ್ಟರೂ ಸಂತೋಷ, ನಿಮ್ಮದನ್ನು ತೊಟ್ಟು ಇದನ್ನು ಮೊಳೆಯ ಮೇಲೇ ಬಿಟ್ಟರೂ ಸಂತೋಷ. ಎರಡೂ ಇಲ್ಲದೆ ಬೇಲಿಯ ಪಕ್ಕ ನಿಂತು ಎಣಿಸುವುದನ್ನು ಮಾತ್ರ ನೋಡಲಾರೆ.

ಇಂತಿ,
ಹದಿಮೂರು ಎಂದು ಹೇಳಿ ಸುಮ್ಮನಾದವಳು,
ಬರ್ನಡೆಟ್ ಹಿಂಗ್‌ಸ್ಟನ್
ಅಂಗಿ ಒಗೆಯುವವಳು, ಮುಲಿಗನ್ ಕ್ರೀಕ್ ಫುಟ್‌ಬಾಲ್ ಸಂಘ
(ಸದ್ಯದ ಬಲ: ಹದಿನೈದು, ಫಾದರ್ ಸೇರಿ)